ನೀಲ್ ಡ್ಯಾನಿಹರ್: ಐಸ್ ನೀರಿನ ಗಲಾಟೆ ಬಿಟ್ಟು ಆಟದ ಬಗ್ಗೆ ಮಾತಾಡೋಣ್ವಾ?

ಟ್ರಾಮ್86:
ಜೂನ್ ಬಂತೆಂದರೆ ಮೆಲ್ಬರ್ನ್ ತುಂಬಾ ನೀಲಿ ಉಣ್ಣೆ ಟೋಪಿ. ಎಂಸಿಜಿಯಲ್ಲಿ ದೊಡ್ಡ ಜಾರುಬಂಡೆ, ಕೆಳಗೆ ಐಸ್ ತುಂಬಿದ ತೊಟ್ಟಿ. ಹಳೆ ಆಟಗಾರರು, ಟಿವಿಯವರು ಚಿತ್ರವಿಚಿತ್ರ ವೇಷ ಹಾಕಿಕೊಂಡು ಅದರೊಳಗೆ ಬೀಳುತ್ತಾರೆ. ನಮ್ಮವರಿಗೆ ನೀಲ್ ಡ್ಯಾನಿಹರ್ ಅಂದರೆ ಇಷ್ಟೇ. 2025ರ ‘ಆಸ್ಟ್ರೇಲಿಯನ್ ಆಫ್ ದ ಇಯರ್’ ಆದಮೇಲಂತೂ ಅವರ ಕಾಯಿಲೆ (ನರಕೋಶಗಳನ್ನು ಕೊಲ್ಲುವ ಎಂಎನ್‌ಡಿ), ಅವರ ಧೈರ್ಯ, ಆ ಕಾಯಿಲೆ ವಿರುದ್ಧದ ಹೋರಾಟಕ್ಕೆ ಹೀಗೆ ಎತ್ತಿದ ಹಣ ಇದೇ ಮಾತು. ಅದೆಲ್ಲ ಸರಿ, ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಮನುಷ್ಯ ಮೂಲತಃ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರ. ಆಮೇಲೆ ಹತ್ತು ಸೀಸನ್ ಕೋಚ್. ಆ ಭಾಗ ಈಗ ಪತ್ರಿಕೆಗಳಲ್ಲಿ ಎರಡು ಸಾಲಿಗೆ ಇಳಿದುಬಿಟ್ಟಿದೆ. "ಗಾಯದಿಂದ ಆಟ ಮೊಟಕಾಯಿತು, ನಂತರ ಮೆಲ್ಬರ್ನ್ ಕ್ಲಬ್ಬಿಗೆ ಕೋಚ್ ಆದರು", ಅಷ್ಟೇ.

ನನ್ನ ಲೆಕ್ಕದಲ್ಲಿ ಆ ಎರಡು ಸಾಲಿನೊಳಗೆ ತುಂಬಾ ಇದೆ. 1979ರಲ್ಲಿ ಎಸೆಂಡನ್ ಕ್ಲಬ್ಬಿಗೆ ಬಂದ ಹುಡುಗ. 1981ರಲ್ಲಿ, ಇನ್ನೂ 20 ವರ್ಷಕ್ಕೇ, ಕ್ಲಬ್ಬಿನ ವರ್ಷದ ಅತ್ಯುತ್ತಮ ಆಟಗಾರ. 1982ಕ್ಕೆ ಕ್ಯಾಪ್ಟನ್ ಅಂತ ಘೋಷಣೆ. ಕ್ಯಾಪ್ಟನ್ ಆಗಿ ಆಡಿದ ಪಂದ್ಯಗಳು ಎಷ್ಟು ಗೊತ್ತಾ? ಸೊನ್ನೆ. ಮೊಣಕಾಲು ಬಿಡಲಿಲ್ಲ.

ಅವರ ಆಟ, ಕೋಚಿಂಗ್ ಬಗ್ಗೆ ಗೊತ್ತಿರುವವರು ಬರೆಯಿರಿ. ಕಾಯಿಲೆಯ ವಿಷಯವನ್ನು ಸ್ವಲ್ಪ ಪಕ್ಕಕ್ಕಿಡೋಣ.

ಈಗಷ್ಟೇಬಂದೆ:
ಸರ್, ನಾನು ಬಂದು ಇನ್ನೂ ಒಂದು ಸೀಸನ್ ಕೂಡ ಆಗಿಲ್ಲ. ಈ ಆಟ ನೋಡಿದರೆ ಎಲ್ಲರೂ ಎಲ್ಲ ಕಡೆ ಓಡುತ್ತಾರೆ, ಯಾರು ಯಾವ ಜಾಗದವರು ಅಂತಲೇ ತಿಳಿಯುವುದಿಲ್ಲ. "ಎಲ್ಲ ಜಾಗದಲ್ಲೂ ಆಡಬಲ್ಲ ಆಟಗಾರ" ಅಂದರೆ ಅದರಲ್ಲಿ ಏನು ದೊಡ್ಡದು?

ಮೂಲೆಸೀಟು:
ಒಳ್ಳೆ ಪ್ರಶ್ನೆ ಕೇಳಿದಿರಿ ತಮ್ಮಾ. ಮೊದಲು ಇದು ಗೊತ್ತಾಗಬೇಕು, ಇಲ್ಲದಿದ್ದರೆ ಡ್ಯಾನಿಹರ್ ಅರ್ಥ ಆಗುವುದಿಲ್ಲ.

ಒಂದು ತಂಡದಿಂದ 18 ಜನ ಮೈದಾನದಲ್ಲಿ. ಮೈದಾನ ಮೊಟ್ಟೆ ಆಕಾರದ್ದು, ಕ್ರಿಕೆಟ್ ಆಡುವ ಮೈದಾನವೇ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, 6 ಪಾಯಿಂಟ್. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, 1 ಪಾಯಿಂಟ್. ಆಫ್‌ಸೈಡ್ ಅನ್ನುವ ನಿಯಮವೇ ಇಲ್ಲ. ಅದಕ್ಕೇ ನಿಮಗೆ ಗಜಿಬಿಜಿ ಅನಿಸೋದು.

ಹಿಂದಿನ ಸಾಲಿನವನ ಕೆಲಸ ಎದುರಾಳಿಯನ್ನು ಓದುವುದು. ಚೆಂಡು ಎಲ್ಲಿ ಬೀಳುತ್ತೆ ಅಂತ ಅವನು ಎದುರಾಳಿಗಿಂತ ಮೊದಲು ಊಹಿಸಬೇಕು. ಮುಂದಿನ ಸಾಲಿನವನದು ತದ್ವಿರುದ್ಧ. ಅವನು ತನ್ನನ್ನು ಕಾಯುತ್ತಿರುವವನಿಗೆ ಮೋಸ ಮಾಡಬೇಕು, ಓಡುವ ದಾರಿ ಬದಲಿಸಬೇಕು, ನೆಗೆದು ಚೆಂಡು ಹಿಡಿಯಬೇಕು, ಆಮೇಲೆ ತಣ್ಣಗೆ ನಿಂತು ಗುರಿಯಿಟ್ಟು ಒದೆಯಬೇಕು. ಮಧ್ಯದವನಿಗೆ ಬೇಕಾದ್ದು ಉಸಿರು. ಮೂರಕ್ಕೂ ಬೇರೆ ಬೇರೆ ಮೈ, ಬೇರೆ ಬೇರೆ ತಲೆ. ಹೆಚ್ಚಿನವರು ಒಂದರಲ್ಲಿ ಪಳಗುತ್ತಾರೆ. ಡ್ಯಾನಿಹರ್‌ನ ಹಿಂದೆ ನಿಲ್ಲಿಸಿದರೂ ಸರಿ, ಮುಂದೆ ಕಳಿಸಿದರೂ ಸರಿ. ಅದೂ 20 ವರ್ಷಕ್ಕೆ.

ಟ್ರಾಮ್86:
ಅದಕ್ಕೆ ಒಂದೇ ಪಂದ್ಯ ಸಾಕ್ಷಿ. 1981, ಪ್ರಿನ್ಸಸ್ ಪಾರ್ಕ್, ಎದುರಾಳಿ ಕಾರ್ಲ್ಟನ್. ಆ ವರ್ಷದ ಕಪ್ ಕೊನೆಗೆ ಗೆದ್ದಿದ್ದು ಅದೇ ಕಾರ್ಲ್ಟನ್, ಅಂದರೆ ಸಣ್ಣಪುಟ್ಟ ತಂಡ ಅಲ್ಲ. ಅದೂ ಅವರ ಸ್ವಂತ ಮೈದಾನ. ಕೊನೆ ಕ್ವಾರ್ಟರ್‌ನಲ್ಲಿ ಎಸೆಂಡನ್ ನಾಲ್ಕಾರು ಗೋಲ್ ಹಿಂದೆ. ಜನ ಗೇಟ್ ಕಡೆ ಹೊರಟಿರುವ ಸಮಯ. ಕೆವಿನ್ ಶೀಡಿಗೆ ಎಸೆಂಡನ್ ಕೋಚ್ ಆಗಿ ಅದು ಮೊದಲ ವರ್ಷ. ನೀಲ್ ಮುಂದಿನ ಸಾಲಿಗೆ ಬಂದ. ಕೊನೆ ನಿಮಿಷಗಳಲ್ಲಿ ಮೂರು ಗೋಲ್ ಒದ್ದ. ಎಸೆಂಡನ್ 1 ಪಾಯಿಂಟ್‌ನಿಂದ ಗೆದ್ದಿತು.

ಎಸೆಂಡನ್‌ನ ಹಳಬರನ್ನು ಈಗಲೂ ಕೇಳಿ ನೋಡಿ. 1984ರ ಕಪ್ ಬಗ್ಗೆ ಮಾತು ಶುರು ಮಾಡಿದರೂ ಸುತ್ತಿ ಬಳಸಿ ಈ ಪಂದ್ಯಕ್ಕೇ ಬರುತ್ತಾರೆ.

ಅಂಕಿಸಂಕಿ:
ನಾನು ಇಲ್ಲಿ ಖಳನಾಯಕ ಆಗ್ತೀನಿ, ಯಾರಾದರೂ ಆಗಲೇಬೇಕಲ್ಲ.

ಎಸೆಂಡನ್ ಪರ 82 ಪಂದ್ಯ. 32 ಗೋಲ್. ಕಪ್ ಇಲ್ಲ. ಕೋಚ್ ಆಗಿ 223 ಪಂದ್ಯ, ಗೆದ್ದಿದ್ದಕ್ಕಿಂತ ಸೋತಿದ್ದೇ ಸ್ವಲ್ಪ ಜಾಸ್ತಿ. ಕಪ್ ಇಲ್ಲ. ಗ್ರ್ಯಾಂಡ್ ಫೈನಲ್ (ಕಪ್ ಯಾರಿಗೆ ಅಂತ ತೀರ್ಮಾನಿಸುವ ಕೊನೆ ಪಂದ್ಯ) ಒಂದು, ಅದರಲ್ಲಿ 60 ಪಾಯಿಂಟ್ ಸೋಲು. ಮುಂದೆ ಈ ಕಾಯಿಲೆ ಬಂದಿರದಿದ್ದರೆ ನಾವು ಇವತ್ತು ಈ ಹೆಸರಲ್ಲಿ ಚರ್ಚೆ ಶುರು ಮಾಡುತ್ತಿದ್ದೆವಾ? ಕಠಿಣ ಅನಿಸಬಹುದು, ಆದರೆ ಟ್ರಾಮ್ ಅವರೇ "ಕಾಯಿಲೆ ಪಕ್ಕಕ್ಕಿಡಿ" ಅಂದರಲ್ಲ. ಇಟ್ಟೆ. ಉಳಿದದ್ದು ಇಷ್ಟು.

ಮೂಲೆಸೀಟು:
ನಿಮ್ಮ ಅಂಕಿ ಸರಿ. ಓದುವ ಕ್ರಮ ಬೇರೆ ಇರಬೇಕಿತ್ತು. ಆ 82ರಲ್ಲಿ ಬಹುಪಾಲು ಪಂದ್ಯ 1979, 80, 81 ಈ ಮೂರು ಸೀಸನ್‌ನಲ್ಲೇ ಮುಗಿದಿದ್ದವು. ಆಮೇಲೆ 1990ರವರೆಗೆ, ಅಂದರೆ ಒಂಬತ್ತು ವರ್ಷಗಳಲ್ಲಿ, ಉಳಿದ ಕೆಲವೇ ಕೆಲವು. ಹಾಗಾಗಿ ಇದನ್ನು 12 ವರ್ಷದ ಸಾಧಾರಣ ಆಟ ಅಂತ ಓದಬೇಡಿ. ಮೂರು ವರ್ಷ ಭರ್ಜರಿ ಆಟ, ಒಂಬತ್ತು ವರ್ಷ ಆಸ್ಪತ್ರೆ ಮತ್ತು ಜಿಮ್ ಅಂತ ಓದಿ.

ಬ್ಯಾಂಡೇಜ್:
ನಾನು ವೃತ್ತಿಯಿಂದ ಫಿಸಿಯೋ. ಹಾಗಾಗಿ ಮೊಣಕಾಲಿನ ವಿಷಯಕ್ಕೆ ಬಾಯಿ ಹಾಕದೆ ಇರಲು ಆಗುತ್ತಿಲ್ಲ.

ಮೊಣಕಾಲಿನ ಒಳಗೆ ಅಡ್ಡಡ್ಡವಾಗಿ ಹೋಗುವ ಒಂದು ಗಟ್ಟಿ ನಾರು ಇದೆ, ಎಸಿಎಲ್ ಅಂತ ಎಲ್ಲರೂ ಕೇಳಿರುತ್ತೀರಿ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಕಾಲು ತಿರುಚಿದಾಗ ಕೀಲು ಕಳಚದಂತೆ ಹಿಡಿದಿಡುವುದು ಅದೇ. ಫುಟಿಯಲ್ಲಿ ಅದು ಹರಿಯುವುದು ಹೆಚ್ಚಾಗಿ ಯಾರೂ ಮುಟ್ಟದೆ ಇದ್ದಾಗಲೇ. ಓಡುತ್ತಾ ಓಡುತ್ತಾ ದಿಢೀರನೆ ದಿಕ್ಕು ಬದಲಿಸಿದಾಗ, ಅಥವಾ ನೆಗೆದು ಒಂದೇ ಕಾಲಿನ ಮೇಲೆ ಇಳಿದಾಗ. ಮೂಲೆಸೀಟು ಅವರು ಮೇಲೆ ಹೇಳಿದ್ದು ನೋಡಿ: ದಾರಿ ಬದಲಿಸುವುದು, ನೆಗೆದು ಹಿಡಿಯುವುದು. ಈ ಆಟದ ಮುಖ್ಯ ಕೆಲಸವೇ ಅದು!

ಇವತ್ತು ಸಣ್ಣ ತೂತು ಕೊರೆದು, ಕ್ಯಾಮೆರಾ ಬಿಟ್ಟು, ರೋಗಿಯ ಬೇರೆ ಸ್ನಾಯುವಿನ ನಾರನ್ನೇ ತೆಗೆದು ಹೊಸ ಎಸಿಎಲ್ ಕಟ್ಟುತ್ತಾರೆ. ಬೇಗನೆ ಕಾಲೂರಿಸಿ ನಡೆಸುತ್ತಾರೆ. ಒಂಬತ್ತರಿಂದ ಹನ್ನೆರಡು ತಿಂಗಳಲ್ಲಿ ಹೆಚ್ಚಿನ ಆಟಗಾರರು ಮೈದಾನಕ್ಕೆ ವಾಪಸ್. 80ರ ದಶಕದ ಆರಂಭದಲ್ಲಿ ಹೀಗಿರಲಿಲ್ಲ. ಮೊಣಕಾಲನ್ನು ಉದ್ದಕ್ಕೆ ಕೊಯ್ದು ತೆರೆಯುತ್ತಿದ್ದರು. ಆಮೇಲೆ ವಾರಗಟ್ಟಲೆ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದಾಗ ತೊಡೆ ಅರ್ಧಕ್ಕರ್ಧ ಸಣಕಲು. ಕೀಲು ಬಿಗಿದು ಮಡಚಲೂ ಆಗುವುದಿಲ್ಲ. ಅಲ್ಲಿಂದ ಶುರು ಮಾಡಿ ಮತ್ತೆ ಮೇಲಿನ ಮಟ್ಟದ ಆಟಕ್ಕೆ ಬರುವುದೇ ಅಪರೂಪ. ಬಂದು, ಮತ್ತೆ ಪೆಟ್ಟಾಗಿ, ಮತ್ತೆ ಅದೇ ದಾರಿ ಹಿಡಿಯುವುದು? ನನ್ನ ಹತ್ತಿರ ಬರುವ ಹುಡುಗರು ಎರಡನೇ ಸಲಕ್ಕೇ ಅತ್ತುಬಿಡುತ್ತಾರೆ.

ಅಂಕಿಸಂಕಿ ಅವರಿಗೆ ಒಂದೇ ಮಾತು. ಇಂಥ ಮೊಣಕಾಲು ಇಟ್ಟುಕೊಂಡು 1990ರಲ್ಲಿ ಮತ್ತೆ ಆಡಿದ್ದೇ ನನಗೆ ಕಪ್ಪಿಗಿಂತ ದೊಡ್ಡ ವಿಷಯ.

ಅಂಕಿಸಂಕಿ:
ಅಕ್ಕಾ, ಕಷ್ಟ ಪಟ್ಟಿದ್ದು ಬೇರೆ, ಚೆನ್ನಾಗಿ ಆಡಿದ್ದು ಬೇರೆ. ಮೊದಲನೆಯದಕ್ಕೆ ನಾನೂ ಕೈ ಮುಗಿಯುತ್ತೇನೆ.

ಕೆಂಪುನೀಲಿ:
ಶೀಡಿಯ ಕಡೆಯಿಂದ ನೋಡಿ ಇದನ್ನ. 1984ರ ಗ್ರ್ಯಾಂಡ್ ಫೈನಲ್, ಹಾಥಾರ್ನ್ ವಿರುದ್ಧ. ಮೂರು ಕ್ವಾರ್ಟರ್ ಮುಗಿದಾಗ ಎಸೆಂಡನ್ ಹಿಂದೆ ಬಿದ್ದಿದೆ. ಶೀಡಿ ಆಟಗಾರರ ಜಾಗಗಳನ್ನೇ ಅದಲುಬದಲು ಮಾಡಿದ. ಹಿಂದಿನವನು ಮುಂದೆ, ಮುಂದಿನವನು ಹಿಂದೆ. ಕೊನೆ ಕ್ವಾರ್ಟರ್‌ನಲ್ಲಿ ಒಂಬತ್ತು ಗೋಲ್ ಬಂದವು, ಕಪ್ ಬಂತು. 1985ರಲ್ಲಿ ಮತ್ತೆ ಅದೇ ಹಾಥಾರ್ನ್, ಮತ್ತೆ ಕಪ್. ಆ ಎರಡೂ ಕಪ್ ಎತ್ತಿದ ಕ್ಯಾಪ್ಟನ್ ಯಾರು? ಟೆರಿ ಡ್ಯಾನಿಹರ್. ನೀಲ್‌ನ ಅಣ್ಣ.

ಅಂದರೆ ಎಲ್ಲ ಜಾಗದಲ್ಲೂ ಆಡಬಲ್ಲವರನ್ನು ಇಟ್ಟುಕೊಂಡು ಪಂದ್ಯ ತಿರುಗಿಸುವುದು ಶೀಡಿಯ ಇಷ್ಟದ ದಾರಿ. ಅಂಥ ಆಟಕ್ಕೆ ಹೇಳಿ ಮಾಡಿಸಿದ ಹುಡುಗ, ಕ್ಯಾಪ್ಟನ್ ಅಂತ ಆರಿಸಿದ ಹುಡುಗ, ಎರಡೂ ದಿನ ಬರೀ ನೋಡುತ್ತಾ ಕೂತಿದ್ದ. ಕಪ್ ಇಲ್ಲ ಅನ್ನುವ ಮೊದಲು ಅದು ಯಾಕೆ ಇಲ್ಲ ಅಂತಲೂ ಸೇರಿಸಿ.

ಈಗಷ್ಟೇಬಂದೆ:
ಅಣ್ಣ ತಮ್ಮ ಇಬ್ಬರೂ ಒಂದೇ ತಂಡವಾ?

ಟ್ರಾಮ್86:
ಇಬ್ಬರಲ್ಲ, ನಾಲ್ವರು! ಇದು ಕೇಳಲೇಬೇಕಾದ ಕಥೆ.

ನ್ಯೂ ಸೌತ್ ವೇಲ್ಸ್‌ನ ಉಂಗಾರಿ ಅಂತ ಪುಟ್ಟ ಊರು. ಗೋಧಿ, ಕುರಿ, ದೂಳು. ಸುತ್ತ ಮುತ್ತ ರಗ್ಬಿ ಲೀಗ್ ಹುಚ್ಚು ಇರುವ ರಾಜ್ಯ ಅದು. ಅಲ್ಲಿ ಜಿಮ್ ಮತ್ತು ಎಡ್ನಾ ಡ್ಯಾನಿಹರ್ ಅವರ ಹೊಲದ ಮನೆ. ಹನ್ನೊಂದು ಮಕ್ಕಳು, ಏಳು ಹೆಣ್ಣು, ನಾಲ್ಕು ಗಂಡು. ಟೆರಿ, ನೀಲ್, ಆಂಥನಿ, ಕ್ರಿಸ್. ನಾಲ್ಕೂ ಜನ ಮೇಲಿನ ಮಟ್ಟದ ಫುಟಿಗೆ ಬಂದರು.

ಟೆರಿ ಮೊದಲು ಸೌತ್ ಮೆಲ್ಬರ್ನ್‌ನಲ್ಲಿದ್ದ. ಅವನನ್ನು ಎಸೆಂಡನ್ ತೆಗೆದುಕೊಂಡಾಗ, ಇನ್ನೂ ಶಾಲೆಯಲ್ಲಿದ್ದ ತಮ್ಮ ನೀಲ್‌ನನ್ನು ಆಡಿಸುವ ಹಕ್ಕನ್ನೂ ಅದೇ ಒಪ್ಪಂದದಲ್ಲಿ ಸೇರಿಸಿಕೊಂಡಿತು. ನಮ್ಮ ಸಂತೆಯಲ್ಲಿ ಹಸು ಕೊಂಡರೆ ಕರುವೂ ಜೊತೆಗೆ ಬರುತ್ತಲ್ಲ, ಹಾಗೆ. ಬಹುಶಃ ಆ ಕಾಲದ ಅತ್ಯಂತ ಲಾಭದ ವ್ಯಾಪಾರ.

1990ರಲ್ಲಿ ನಾಲ್ವರೂ ಒಟ್ಟಿಗೆ ನ್ಯೂ ಸೌತ್ ವೇಲ್ಸ್ ರಾಜ್ಯ ತಂಡಕ್ಕೆ ಆಡಿದರು. ಎದುರಿಗೆ ವಿಕ್ಟೋರಿಯಾ, ಫುಟಿಯ ತವರು. ಗೆದ್ದಿದ್ದು ನ್ಯೂ ಸೌತ್ ವೇಲ್ಸ್! ಅದೇ ಸೀಸನ್ ಕೊನೆಗೆ ಮೂರಬ್ಬಿನ್‌ನಲ್ಲಿ ಸೇಂಟ್ ಕಿಲ್ಡಾ ವಿರುದ್ಧ ಎಸೆಂಡನ್‌ಗೂ ನಾಲ್ವರೂ ಒಟ್ಟಿಗೆ ಇಳಿದರು. ಈ ಲೀಗ್‌ನಲ್ಲಿ ನಾಲ್ಕು ಅಣ್ಣತಮ್ಮಂದಿರು ಒಂದೇ ತಂಡಕ್ಕೆ ಒಂದೇ ದಿನ ಆಡಿದ್ದು ಅದೇ ಮೊದಲು. ನೀಲ್ ಆ ಮೊಣಕಾಲಿನ ಜೊತೆ ಅಷ್ಟು ವರ್ಷ ಹೊಡೆದಾಡಿದ್ದರಿಂದಲೇ ಅದು ಆಯಿತು. ಆ ವರ್ಷವೇ ಅವರ ಕೊನೆ ಸೀಸನ್.

ಪರ್ತ್‌ವಾಸಿ:
ಉಂಗಾರಿಯಲ್ಲಿ ಈಗ ಅವರ ಗೌರವಕ್ಕೆ ದೊಡ್ಡದೊಂದು ಫುಟಿ ಚೆಂಡಿನ ಪ್ರತಿಮೆ ನಿಲ್ಲಿಸಿದ್ದಾರೆ. ಆಸ್ಟ್ರೇಲಿಯಾದವರಿಗೆ ಯಾವ ವಸ್ತು ಸಿಕ್ಕಿದರೂ ಅದನ್ನು ಮನೆಯಷ್ಟು ದೊಡ್ಡದು ಮಾಡಿ ಹೈವೇ ಪಕ್ಕ ನಿಲ್ಲಿಸುವ ಚಟ. ಬಾಳೆಹಣ್ಣು, ಅನಾನಸ್, ಕುರಿ... ಇದೊಂದಕ್ಕಾದರೂ ಅರ್ಥ ಇದೆ.

ಕೆಂಪುನೀಲಿ:
ಸರಿ, ಕೋಚಿಂಗ್‌ಗೆ ಬರೋಣ. ಇದು ನನ್ನ ಏರಿಯಾ. ನಾನು ಮೆಲ್ಬರ್ನ್ ಡೀಮನ್ಸ್ ಬೆಂಬಲಿಗ, ಅಂದರೆ ತಾಳ್ಮೆ ಅನ್ನುವುದನ್ನು ದುಡ್ಡು ಕೊಟ್ಟು ಕಲಿತವನು.

ಆಟ ಬಿಟ್ಟ ಮೇಲೆ ಡ್ಯಾನಿಹರ್ ಸೀದಾ ದೊಡ್ಡ ಕುರ್ಚಿಗೆ ಹಾರಲಿಲ್ಲ. ಕೆಳಗಿನಿಂದ ಬಂದರು. 1995ರಲ್ಲಿ ಫ್ರೀಮ್ಯಾಂಟಲ್ ಹೊಸ ಕ್ಲಬ್ ಆಗಿ ಲೀಗ್‌ಗೆ ಬಂದಾಗ ಜೆರಾರ್ಡ್ ನೀಶಮ್ ಕೈಕೆಳಗೆ ಸಹಾಯಕ ಕೋಚ್. ಅಲ್ಲಿಂದ 1998ಕ್ಕೆ ಮೆಲ್ಬರ್ನ್‌ಗೆ.

ಆಗ ನಮ್ಮ ಕ್ಲಬ್ ಹೇಗಿತ್ತು? 1858ರಲ್ಲಿ ಹುಟ್ಟಿದ, ಈ ಆಟದ ಅತ್ಯಂತ ಹಳೆ ಕ್ಲಬ್. 1964ರಿಂದ ಕಪ್ ಇಲ್ಲ. 1996ರಲ್ಲಿ ಹಾಥಾರ್ನ್ ಜೊತೆ ವಿಲೀನ ಮಾಡುವ ಯೋಜನೆ ಬಂತು. ನಮ್ಮ ಸದಸ್ಯರು ಅಲ್ಪ ಬಹುಮತದಲ್ಲಿ ಒಪ್ಪಿಯೂ ಬಿಟ್ಟರು! ಹಾಥಾರ್ನ್‌ನವರು ಬೇಡ ಅಂದದ್ದಕ್ಕೆ ಕ್ಲಬ್ ಉಳಿಯಿತು. 1997ರಲ್ಲಿ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ, ಸೀಸನ್ ನಡುವೆಯೇ ಕೋಚ್ ಬದಲು. ಇಂಥ ಮನೆಗೆ 37 ವರ್ಷದ ಹೊಸ ಕೋಚ್ ಬಂದದ್ದು.

ಮೊದಲ ವರ್ಷವೇ ನಾಲ್ಕನೇ ಸ್ಥಾನ! ಫೈನಲ್ಸ್ (ಪಟ್ಟಿಯ ಮೇಲಿನ ತಂಡಗಳು ಕಪ್ಪಿಗಾಗಿ ಆಡುವ ಕೊನೆ ವಾರಗಳು) ಮೊದಲ ವಾರ ಅಡಿಲೇಡ್ ಅನ್ನು 48 ಪಾಯಿಂಟ್‌ನಿಂದ ಬಡಿದರು. ಆಗಿನ ವಿಚಿತ್ರ ನಿಯಮದಿಂದ ಸೋತ ಅಡಿಲೇಡ್ ಬದುಕುಳಿಯಿತು. ಮುಂದೆ ಹೋಗಿ ಕಪ್ಪನ್ನೂ ಗೆದ್ದುಬಿಟ್ಟಿತು, ಅದು ನಮ್ಮ ಹಣೆಬರಹ. ನಾವು ಸೇಂಟ್ ಕಿಲ್ಡಾವನ್ನು ಗೆದ್ದು, ಕಪ್ಪಿಗೆ ಒಂದು ಮೆಟ್ಟಿಲು ಕೆಳಗೆ ನಾರ್ತ್ ಮೆಲ್ಬರ್ನ್‌ಗೆ ಸೋತೆವು. ಹಿಂದಿನ ವರ್ಷ ಕೊನೆ ಸ್ಥಾನದಲ್ಲಿದ್ದ ತಂಡ ಇದು, ಮರೀಬೇಡಿ.

ಅಂಕಿಸಂಕಿ:
ಮುಂದಿನ ವರ್ಷದ್ದೂ ಹೇಳಿ.

ಕೆಂಪುನೀಲಿ:
ಹೇಳ್ತೀನಿ, ಬಚ್ಚಿಡುವುದು ಏನಿದೆ. 1999 ನೆಲಕಚ್ಚಿತು. 2000 ಗ್ರ್ಯಾಂಡ್ ಫೈನಲ್. 2001 ಫೈನಲ್ಸ್ ಇಲ್ಲ. 2002 ಇದೆ. 2003 ಅಯ್ಯೋ. 2004 ಇದೆ. ಸಮ ವರ್ಷ ಮೇಲೆ, ಬೆಸ ವರ್ಷ ಕೆಳಗೆ. ಇಲ್ಲಿ ಇದೊಂದು ಜೋಕೇ ಆಗಿಹೋಗಿತ್ತು. 2005, 2006ರಲ್ಲಿ ಸತತ ಎರಡು ವರ್ಷ ಫೈನಲ್ಸ್ ಕಂಡು ಆ ಜೋಕ್ ಸತ್ತಿತು. ಒಟ್ಟು ಹತ್ತು ಸೀಸನ್‌ನಲ್ಲಿ ಆರು ಸಲ ಫೈನಲ್ಸ್. ಅವರು ಹೋದ ಮೇಲೆ ನಮ್ಮ ಕ್ಲಬ್ ಮತ್ತೆ ಫೈನಲ್ಸ್ ನೋಡಿದ್ದು 2018ರಲ್ಲಿ. ಈ ಎರಡನೇ ವಾಕ್ಯ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ ಅಲ್ವಾ?

ಮೂಲೆಸೀಟು:
ಮೇಲೆ ಕೆಳಗೆ ಆಗಿದ್ದಕ್ಕೆ ಕೋಚ್ ಒಬ್ಬನೇ ಕಾರಣ ಅಲ್ಲ. ಆ ಹೊತ್ತಿಗೆ ಕ್ಲಬ್ ಹಿಂದೆ ಸಂಬಳದ ಮಿತಿ ಮೀರಿದ್ದು ಹೊರಬಂದು ದಂಡ ಬಿತ್ತು, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್ ಅವಕಾಶಗಳೂ ಕಡಿತ ಆದವು. ಫುಟಿಯಲ್ಲಿ ಆಟಗಾರರನ್ನು ಮನಸ್ಸಿಗೆ ಬಂದಷ್ಟು ದುಡ್ಡು ಸುರಿದು ಕೊಳ್ಳಲು ಬರುವುದಿಲ್ಲ. ಡ್ರಾಫ್ಟ್ ಹೋದರೆ ನಾಲ್ಕೈದು ವರ್ಷದ ಬೆಳೆ ಹೋದಂತೆ. ಕೋಚ್ ತನ್ನ ಹತ್ತಿರ ಇದ್ದವರನ್ನೇ ಅಲ್ಲಿ ಇಲ್ಲಿ ತಿರುಗಿಸಿ ಆಡಿಸಬೇಕು. ತಾನೇ ಎಲ್ಲ ಜಾಗದಲ್ಲಿ ಆಡಿದವನಿಗೆ ಅದು ಬರುತ್ತಿತ್ತು ಅಂತ ನನ್ನ ಅಂದಾಜು.

ಈಗಷ್ಟೇಬಂದೆ:
2000ದ ಫೈನಲ್ ಬಗ್ಗೆ ಹೇಳಿ. 60 ಪಾಯಿಂಟ್ ಅಂದರೆ ಹತ್ತು ಗೋಲ್. ತಂಡ ಅಷ್ಟು ಕಳಪೆಯಾಗಿತ್ತಾ?

ಕೆಂಪುನೀಲಿ:
ಇಲ್ಲ. ಎದುರಿಗೆ ಇದ್ದದ್ದು 2000ದ ಎಸೆಂಡನ್. ಇಡೀ ವರ್ಷದಲ್ಲಿ ಒಂದೇ ಒಂದು ಪಂದ್ಯ ಸೋತ ತಂಡ. ಕೋಚ್ ಯಾರು? ಅದೇ ಕೆವಿನ್ ಶೀಡಿ. 1981ರಲ್ಲಿ ನೀಲ್‌ನನ್ನು ಮುಂದಿನ ವರ್ಷದ ಕ್ಯಾಪ್ಟನ್ ಅಂತ ಕಂಡ ಮನುಷ್ಯ. ಗುರು ಆ ಕಡೆ, ಶಿಷ್ಯ ಈ ಕಡೆ. ನೀಲ್‌ಗೆ ಆಟಗಾರನಾಗಿ ಕೈಗೆ ಸಿಗದ ಕಪ್ ಅವರದೇ ಹಳೆ ಕ್ಲಬ್ಬಿನ ಜೊತೆ ಅವತ್ತು ಹೋಯಿತು. 135ಕ್ಕೆ 75.

ನಮ್ಮದು ಚಿಕ್ಕ ಹುಡುಗರ ತಂಡ. ಟ್ರಾಯ್ ಸಿಮಂಡ್ಸ್‌ಗೆ ಮೈಕಲ್ ಲಾಂಗ್ ಡಿಕ್ಕಿ ಹೊಡೆದು ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ಆಮೇಲೆ ಮೈದಾನದಲ್ಲಿ ಜಗಳ. ಲಾಂಗ್‌ಗೆ ನಂತರ ಅಮಾನತು ಆಯಿತು, ಆದರೆ ಆ ದಿನಕ್ಕೆ ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ನಾನು ಟಿವಿ ಮುಂದೆ ಮೂರನೇ ಕ್ವಾರ್ಟರ್‌ಗೇ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ಮನೆಯವರಿಗೆ ಖುಷಿ.

ಅದೇ ವರ್ಷದ ಒಳ್ಳೆ ದಿನವನ್ನೂ ನೆನಪಿಸ್ತೀನಿ. ಜೂನ್, ರಾಣಿಯ ಹುಟ್ಟುಹಬ್ಬದ ಪಂದ್ಯ, ಕಾಲಿಂಗ್‌ವುಡ್ ವಿರುದ್ಧ. ಜೆಫ್ ಫಾರ್ಮರ್ ಅಂತ ಪುಟ್ಟ ಆಟಗಾರ, ‘ವಿಜರ್ಡ್’ ಅಂತಲೇ ಹೆಸರು. ಮೊದಲರ್ಧದಲ್ಲಿ ಅವನದು ಒಂದೂ ಗೋಲ್ ಇಲ್ಲ. ದ್ವಿತೀಯಾರ್ಧದಲ್ಲಿ ಒಂಬತ್ತು! ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಕೂಡ ಆ ವರ್ಷ ನಮ್ಮ ಶೇನ್ ವೊವೊಡಿನ್‌ಗೆ ಬಂತು. ಡೇವಿಡ್ ನೀಟ್ಸ್ ಕ್ಯಾಪ್ಟನ್. 2002ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಗೋಲ್ ಒದ್ದಿದ್ದಕ್ಕೆ ಕೋಲ್ಮನ್ ಪದಕ ಅವನಿಗೇ.

ಟ್ರಾಮ್86:
ಮುಂದೆ ಆ ಐಸ್ ತೊಟ್ಟಿಯ ‘ಬಿಗ್ ಫ್ರೀಜ್’ ನಡೆಯುವುದೂ ಅದೇ ಜೂನ್ ರಜೆಯ, ಅದೇ ಮೆಲ್ಬರ್ನ್–ಕಾಲಿಂಗ್‌ವುಡ್ ಪಂದ್ಯದ ದಿನ, 2015ರಿಂದ. ಕಾಯಿಲೆ ಪಕ್ಕಕ್ಕಿಡೋಣ ಅಂದವನೇ ನಾನು, ಆದರೂ ಆ ಕೊಂಡಿ ಸುಮ್ನೆ ಬಿಡುವಂಥದ್ದಲ್ಲ.

ಪರ್ತ್‌ವಾಸಿ:
ಕೋಚ್ ಆಗಿ ಅವರ ಸ್ವಭಾವ ಹೇಗೆ ಅಂತ ಯಾರೂ ಬರೆದಿಲ್ಲ. ಆಟಗಾರರು ಇಟ್ಟ ಅಡ್ಡಹೆಸರು ‘ರೆವರೆಂಡ್’, ಅಂದರೆ ಪಾದ್ರಿ. ಗಂಭೀರ ಮುಖ, ಉಪದೇಶದ ಧಾಟಿ. ಕೋಚ್ ಬಾಕ್ಸ್‌ನಲ್ಲಿ ಫೋನ್ ಎಸೆಯುವ ಜಾತಿಯವರಲ್ಲ. ಆದರೆ ಮಾತು ನೇರ. ಒಣ ಹಾಸ್ಯವೂ ಇತ್ತು. ಸಂದರ್ಶನಗಳಲ್ಲಿ ಮುಖ ಒಂಚೂರೂ ಅಲುಗಾಡದೆ ಹೇಳಿಬಿಡುತ್ತಿದ್ದರು, ಎದುರಿಗಿದ್ದವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

2007ರಲ್ಲಿ ಸೀಸನ್ ಶುರುವಿನಿಂದಲೇ ಸಾಲು ಸೋಲು. ನಡುವೆಯೇ ಮೆಲ್ಬರ್ನ್ ಬಿಟ್ಟರು. ಆಮೇಲೆ ನಮ್ಮ ಊರಿಗೆ ಬಂದರು, ವೆಸ್ಟ್ ಕೋಸ್ಟ್ ಈಗಲ್ಸ್‌ಗೆ. ಈ ಸಲ ಕೋಚ್ ಅಲ್ಲ, ಇಡೀ ಫುಟ್‌ಬಾಲ್ ವಿಭಾಗದ ವ್ಯವಸ್ಥಾಪಕ. ಕೋಚ್ ಜಾನ್ ವರ್ಸ್‌ಫೋಲ್ಡ್. 2010ರಲ್ಲಿ ಕ್ಲಬ್ ಕಟ್ಟಕಡೆಗೆ ಬಿತ್ತು. ಇಲ್ಲಿನ ಪತ್ರಿಕೆಗಳು ಎಲ್ಲರ ತಲೆ ಕೇಳುತ್ತಿದ್ದವು. ಯಾರನ್ನೂ ಓಡಿಸಲಿಲ್ಲ. 2011ರಲ್ಲಿ ಅದೇ ತಂಡ ಗ್ರ್ಯಾಂಡ್ ಫೈನಲ್‌ಗೆ ಒಂದು ಪಂದ್ಯ ಕಡಿಮೆ ಅನ್ನುವಲ್ಲಿವರೆಗೆ ಹೋಯಿತು. ಎಷ್ಟು ಪಾಲು ಡ್ಯಾನಿಹರ್‌ದು ಅಂತ ಅಳೆಯಲು ಆಗುವುದಿಲ್ಲ, ಆಫೀಸ್ ಕೆಲಸದ ಕಥೆಯೇ ಅಷ್ಟು. ಆದರೆ ಕಟ್ಟಕಡೆಯಿಂದ ಮೇಲೆ ಬರುವ ಜಾಗದಲ್ಲಿ ಈ ಮನುಷ್ಯ ಎರಡು ಸಲ ಇದ್ದರು, 1998ರಲ್ಲಿ ಮತ್ತು 2011ರಲ್ಲಿ.

ಅಂಕಿಸಂಕಿ:
ಈ ಕೊನೆ ವಾಕ್ಯ ಒಪ್ಪುತ್ತೇನೆ. ಇದು ನನಗೆ ಬೇಕಾದ ಥರದ ವಾದ. "ಪಾಪ, ಕಾಲು ಹೋಯಿತು" ಅನ್ನುವುದಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಆದರೂ ಒಳ್ಳೆ ಕೋಚ್ ಅಂತ ಹೇಳುತ್ತೇನೆಯೇ ಹೊರತು ಮಹಾನ್ ಕೋಚ್ ಅನ್ನಲಾರೆ. ಮಹಾನ್ ಕೋಚ್‌ಗಳು ತಂಡವನ್ನು ಮೇಲೆ ತಂದು ಅಲ್ಲೇ ಇಡುತ್ತಾರೆ. ಇವರು ತಂದರು, ಮತ್ತೆ ಜಾರಿತು, ಮತ್ತೆ ತಂದರು.

ಬ್ಯಾಂಡೇಜ್:
"ತಂದರು" ಅನ್ನುವುದನ್ನು ನೀವೇ ಎರಡು ಸಲ ಟೈಪ್ ಮಾಡುತ್ತಿದ್ದೀರಿ, ಗಮನಿಸಿ 😄

ಮೂಲೆಸೀಟು:
ಕೋಚ್‌ನ ಬೆಲೆ ಕಟ್ಟಲು ಇನ್ನೊಂದು ದಾರಿ ಇದೆ. ಅವರ ಕೈಕೆಳಗೆ ಕಲಿತವರು ಎಲ್ಲಿಗೆ ಹೋದರು? ಕ್ರಿಸ್ ಫೇಗನ್ ಗೊತ್ತಲ್ಲ, ಬ್ರಿಸ್ಬೇನ್ ಲಯನ್ಸ್ ಕೋಚ್. ಟಾಸ್ಮೇನಿಯಾದವರು, ಈ ದೊಡ್ಡ ಲೀಗ್‌ನಲ್ಲಿ ಆಟಗಾರನಾಗಿ ಒಂದು ಪಂದ್ಯವನ್ನೂ ಆಡಿದವರಲ್ಲ. ಅಂಥವರಿಗೆ ಆಗ ಕ್ಲಬ್‌ಗಳು ಬಾಗಿಲು ತೆರೆಯುತ್ತಿದ್ದದ್ದೇ ಕಡಿಮೆ. ಅವರು ವರ್ಷಗಟ್ಟಲೆ ಮೆಲ್ಬರ್ನ್‌ನಲ್ಲಿ ಡ್ಯಾನಿಹರ್ ಜೊತೆ ಕೋಚಿಂಗ್ ಮಾಡಿದರು. 2024ರಲ್ಲಿ ಬ್ರಿಸ್ಬೇನ್‌ಗೆ ಕಪ್ ಗೆದ್ದುಕೊಟ್ಟರು.

ಆ 2024ರ ಬ್ರಿಸ್ಬೇನ್ ತಂಡದ ಮುಂದಿನ ಸಾಲಲ್ಲಿ ಯಾರಿದ್ದರು? ಜೋ ಡ್ಯಾನಿಹರ್. ಆಂಥನಿಯ ಮಗ, ನೀಲ್‌ಗೆ ತಮ್ಮನ ಮಗ. ಎಸೆಂಡನ್‌ನಲ್ಲಿ ಶುರು ಮಾಡಿ, ಗಾಯಗಳಲ್ಲಿ ಒದ್ದಾಡಿ, ಬ್ರಿಸ್ಬೇನ್‌ಗೆ ಹೋಗಿ, ಕಪ್ ಗೆದ್ದು, 30 ವರ್ಷಕ್ಕೇ ಸಾಕು ಅಂತ ನಿಲ್ಲಿಸಿಬಿಟ್ಟ.

ಕೆಂಪುನೀಲಿ:
ಈ ಎರಡನ್ನೂ ಸೇರಿಸಿ ನಾನು ಯಾವತ್ತೂ ಯೋಚಿಸಿರಲಿಲ್ಲ. ನಮ್ಮ ಕ್ಲಬ್ಬಿನ ಪಾಲಿಗೆ ಬಂದದ್ದು 2021ರ ಕಪ್, ಪರ್ತ್‌ನಲ್ಲಿ, 57 ವರ್ಷದ ಮೇಲೆ. ಕೋವಿಡ್ ಗಡಿ ಬಂದ್ ಇತ್ತು, ಮೆಲ್ಬರ್ನ್‌ನಲ್ಲಿದ್ದ ನಾವೆಲ್ಲ ಮನೆಯಲ್ಲೇ ಕೂತು ಕಿರುಚಿದೆವು.

ಈಗಷ್ಟೇಬಂದೆ:
ಒಂದು ಕೇಳಲಾ? ಕಾಯಿಲೆ ಬೇಡ ಅಂದಿರಿ, ಆದರೆ ನನಗೆ ಆ ಭಾಗವೂ ಸರಿಯಾಗಿ ಗೊತ್ತಿಲ್ಲ.

ಬ್ಯಾಂಡೇಜ್:
ಚುಟುಕಾಗಿ ಹೇಳ್ತೀನಿ. ಮೋಟಾರ್ ನ್ಯೂರಾನ್ ಡಿಸೀಸ್, ಎಂಎನ್‌ಡಿ. ಮೆದುಳು ಮತ್ತು ಬೆನ್ನುಹುರಿಯಿಂದ ಸ್ನಾಯುಗಳಿಗೆ ಸುದ್ದಿ ಒಯ್ಯುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಕೈ, ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ಹೆಚ್ಚಿನವರಲ್ಲಿ ಬುದ್ಧಿ ಚುರುಕಾಗಿಯೇ ಇರುತ್ತದೆ. ಗುಣಪಡಿಸುವ ಔಷಧಿ ಇಲ್ಲ. ಪತ್ತೆಯಾದ ಮೇಲೆ ಸರಾಸರಿ ಎರಡೂವರೆ ವರ್ಷ ಅನ್ನುತ್ತಾರೆ. ಡ್ಯಾನಿಹರ್‌ಗೆ ಪತ್ತೆಯಾದದ್ದು 2013ರಲ್ಲಿ. 2014ರಲ್ಲಿ ಅದನ್ನು ಹೊರಗೆ ಹೇಳಿದರು, ಅದೇ ವರ್ಷ ಇನ್ನಿಬ್ಬರ ಜೊತೆ ಸೇರಿ ಈಗ ‘ಫೈಟ್‌ಎಂಎನ್‌ಡಿ’ ಅಂತ ಕರೆಯುವ ಸಂಸ್ಥೆ ಕಟ್ಟಿದರು. ಆ ಇಬ್ಬರಲ್ಲಿ ಒಬ್ಬರು ಇಯಾನ್ ಡೇವಿಸ್, ಸ್ವತಃ ವೈದ್ಯರು, ಸ್ವತಃ ಅದೇ ಕಾಯಿಲೆಯವರು. ಈವರೆಗೆ 10 ಕೋಟಿ ಡಾಲರ್‌ಗೂ ಜಾಸ್ತಿ ಕೂಡಿಸಿದ್ದಾರೆ. ಮಾತು ನಿಂತ ಮೇಲೆ ಯಂತ್ರದ ಧ್ವನಿಯಲ್ಲಿ ಮಾತಾಡಿದರು.

ನನಗೆ ಇದರಲ್ಲಿ ಕೋಚ್ ಕಾಣುತ್ತಾನೆ. ಕಾಯಿಲೆಗೆ ‘ದ ಬೀಸ್ಟ್’ ಅಂತ ಹೆಸರಿಟ್ಟರು, ಎದುರಾಳಿಗೆ ಇಡುವ ಹಾಗೆ. ಜನರನ್ನು ಅಳಿಸಿ ದುಡ್ಡು ಕೇಳಲಿಲ್ಲ, ದೊಡ್ಡ ಮನುಷ್ಯರನ್ನು ಕೋಡಂಗಿ ಮಾಡಿ ನಗಿಸಿ ಕೇಳಿದರು. ಅದು ಸುಮ್ನೆ ಹೊಳೆಯುವ ಉಪಾಯ ಅಲ್ಲ.

ಅಂಕಿಸಂಕಿ:
ಹೀಗೆ ಹೇಳಿದರೆ ಕಾಯಿಲೆಯನ್ನು ಪಕ್ಕಕ್ಕಿಡುವುದೇ ತಪ್ಪಾಗುತ್ತದಲ್ಲ. ಟ್ರಾಮ್ ಅವರ ಪ್ರಶ್ನೆಯೇ ಬಿದ್ದುಹೋಯಿತು.

ಟ್ರಾಮ್86:
ಬೀಳಲಿಲ್ಲ. ನಾನು ಕೇಳಿದ್ದು ಆಟದ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ ಅಂತ. ನೋಡಿ, ಇಷ್ಟು ಹೊತ್ತು ಮಾತಾಡಿದೆವು.

ಈಗಷ್ಟೇಬಂದೆ:
ನಾನು ಕೂತು ನೋಡಬೇಕು ಅಂದರೆ ಯಾವ ಪಂದ್ಯದಿಂದ ಶುರು ಮಾಡಲಿ? ಹಳೆ ವಿಡಿಯೋ ಸಿಗುತ್ತವಾ?

ಮೂಲೆಸೀಟು:
ಸಿಗುತ್ತವೆ. ಮೊದಲು 1981ರ ಕಾರ್ಲ್ಟನ್ ಪಂದ್ಯದ ಕೊನೆ ಕ್ವಾರ್ಟರ್. ಗೋಲ್‌ಗಳನ್ನಷ್ಟೇ ನೋಡಬೇಡಿ, ಚೆಂಡು ದೂರ ಇದ್ದಾಗ ಅವನು ಎಲ್ಲಿ ನಿಂತಿರುತ್ತಾನೆ ಅಂತ ಹುಡುಕಿ.

ಕೆಂಪುನೀಲಿ:
ಅದಾದ ಮೇಲೆ 1998ರ ಅಡಿಲೇಡ್ ಫೈನಲ್. 2000ದ ಗ್ರ್ಯಾಂಡ್ ಫೈನಲ್ ಬೇಡ.

ಅಂಕಿಸಂಕಿ:
ಅದನ್ನೂ ನೋಡಲಿ ಬಿಡ್ರಿ, ಪಾತ್ರೆ ಎಲ್ಲರ ಮನೆಯಲ್ಲೂ ಇರುತ್ತವೆ.